ಮಂಜು ಇಳಿದ ಗದ್ದೆಯಲ್ಲಿ ಒಂದು ಹಲಸಿನ ಮರ

ಬೆಳಗಿನ ಆರೂವರೆ. ಮಂಜಿನ ಚಿತ್ರ ತೆಗೆಯುವುದನ್ನು ಈ ವಿಡಿಯೊದಲ್ಲಿ ತೋರಿಸಲು ಕೊಡಗಿನ ಕಕ್ಕಬ್ಬೆಯ ಹತ್ತಿರ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ನಿಂತಿದ್ದೇನೆ. ಪರದೆಯ ಮೇಲೆ ನಿಮಗೆ ಕಾಣುತ್ತಿರುವುದು ಬರೀ ಬೂದು ಬಣ್ಣ. ಮೊಬೈಲ್ ತಟ್ಟಿ ನೋಡಬೇಡಿ, ಅದು ಸರಿಯಾಗಿಯೇ ಇದೆ.

‘ಗೇಟು ಕೂಡ ಕಾಣುತ್ತಿಲ್ಲ, ಇಷ್ಟು ಬೇಗ ಎಲ್ಲಿಗೆ ಹೊರಟೆ?’ ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು. ‘ಕಾಣುತ್ತಿಲ್ಲವೆಂದೇ ಹೊರಟಿದ್ದೇನೆ ಚಿಕ್ಕಮ್ಮ’ ಎಂದೆ. ಅವರು ಅದಕ್ಕೆ ಮಾತು ಬೆಳೆಸದೆ ಒಲೆಗೆ ಸೌದೆ ಒಡ್ಡಿದರು.

ಕೊಡಗಿನ ಮಂಜಿನಲ್ಲಿ ಎರಡು ಜಾತಿ. ಮಳೆಗಾಲದ್ದು ನಿಜವಾಗಿ ಮೋಡವೇ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ಮೋಡವಾಗುತ್ತದೆ. ಅದರೊಳಗೆ ನಿಂತ ನಾವು ಮಂಜು ಎನ್ನುತ್ತೇವೆ. ಅದು ಗಾಳಿಯ ಜೊತೆ ಓಡುತ್ತದೆ, ಮಧ್ಯಾಹ್ನವಾದರೂ ಜಾಗ ಬಿಡುವುದಿಲ್ಲ. ಇವತ್ತಿನದು, ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲಿನ ಚಳಿಯದ್ದು, ಬೇರೆ. ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ನೆಲ ಬಿಸಿ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಗದ್ದೆಬಯಲಿಗೆ ಬಂದು ತಂಗುತ್ತದೆ, ಅದರಲ್ಲಿನ ತೇವ ಹನಿಗಟ್ಟಿ ಮಂಜಾಗುತ್ತದೆ. ಆದ್ದರಿಂದ ನಾನು ಮಲಗುವ ಮುಂಚೆ ಅಂಗಳಕ್ಕೆ ಬಂದು ತಲೆ ಎತ್ತಿ ನೋಡುತ್ತೇನೆ. ನಕ್ಷತ್ರ ತುಂಬಿದ್ದು ಗಾಳಿ ಬಿದ್ದಿದ್ದರೆ ಅಲಾರಂ ಇಡುತ್ತೇನೆ.

ಈ ಎರಡರ ವ್ಯತ್ಯಾಸ ತಿಳಿಯದೆ ಒಂದು ಜುಲೈನಲ್ಲಿ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿದ್ದೆ. ಜೀಪಿನಲ್ಲಿ ಮೈಯ ಮೂಳೆಯೆಲ್ಲ ಕುಲುಕಿಸಿಕೊಂಡು ಮೇಲೆ ತಲುಪಿ, ನೂರಾರು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಒಂದೇ ಬೂದು ಗೋಡೆ. ಜೊತೆಗೆ ಕಾಲಿಗೆ ಜಿಗಣೆ. ಚಳಿಗಾಲದಲ್ಲಿ ಅದೇ ಜಾಗ ಬೇರೆಯೇ ಲೋಕ: ನೀವು ಮೇಲೆ, ಮಂಜು ಕೆಳಗೆ, ನಡುನಡುವೆ ಬೆಟ್ಟದ ತುದಿಗಳು. ಮಳೆಗಾಲದಲ್ಲಿ ಬೆಟ್ಟದ ತುದಿಗೆ ಹೋಗಲೇಬೇಡಿ. ಕಾಫಿ ತೋಟದೊಳಗೆ ನುಗ್ಗಿ. ಅಲ್ಲಿ ಹತ್ತಡಿಗೊಂದು ಮರವಿದೆ, ಮಂಜಿಗೆ ಅಳತೆ ಸಿಗುತ್ತದೆ.

ಅಳತೆ ಎಂದೆನಲ್ಲ, ಇಲ್ಲಿ ನೋಡಿ. ಗದ್ದೆಯ ಏರಿಯ ಮೇಲೆ ಈ ಹಲಸಿನ ಮರ. ಹತ್ತಿರವಿರುವುದರಿಂದ ಕಪ್ಪಾಗಿದೆ. ಅದರ ಹಿಂದೆ ತೋಟದ ಸಿಲ್ವರ್ ಓಕ್ ಸಾಲು, ತಿಳಿ ಬೂದು. ಅದರಾಚೆಯ ಗುಡ್ಡ ಇದೆಯೋ ಇಲ್ಲವೋ ಎಂಬಂತೆ. ದೂರ ಹೆಚ್ಚಿದಂತೆ ನಮ್ಮ ಕಣ್ಣಿಗೂ ವಸ್ತುವಿಗೂ ನಡುವೆ ಹನಿಗಳು ಹೆಚ್ಚುತ್ತವೆ, ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ಚಿತ್ರದಲ್ಲಿ ಹತ್ತಿರದ ಒಂದು ಕಪ್ಪು ವಸ್ತು ಇಲ್ಲದಿದ್ದರೆ ಮಂಜು ಮಂಜಾಗಿ ಕಾಣುವುದಿಲ್ಲ, ಕೊಳೆಯಾದ ಗಾಜಿನಂತೆ ಕಾಣುತ್ತದೆ. ಈ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸಲು ನಾನು ದೂರದ್ದನ್ನು ಹತ್ತಿರ ತರುವ 70–200 ಮಿ.ಮೀ. ಜೂಮ್ ಲೆನ್ಸನ್ನೇ ಹಾಕುತ್ತೇನೆ. ಅಗಲ ಲೆನ್ಸ್ ಇಲ್ಲಿ ಖಾಲಿ ಜಾಗವನ್ನು ಮಾತ್ರ ತುಂಬಿಕೊಡುತ್ತದೆ.

ಇನ್ನು ಕ್ಯಾಮೆರಾದ ಮೊಂಡುತನ. ಎದುರಿಗೆ ಏನಿದ್ದರೂ ಅದು ಒಟ್ಟಾರೆ ನಡುಬೂದು ಎಂದು ನಂಬಿ ಬೆಳಕು ಅಳೆಯುವುದು ಮೀಟರಿನ ಸ್ವಭಾವ. ಮಂಜು ಬೆಳ್ಳಗಿದೆ, ಕ್ಯಾಮೆರಾ ಅದನ್ನು ಎಳೆದು ಬೂದು ಮಾಡುತ್ತದೆ. ನನ್ನ ಜುಲೈ ಚಿತ್ರಗಳು ಕೊಚ್ಚೆನೀರಿನ ಬಣ್ಣಕ್ಕೆ ತಿರುಗಲು ಇದೂ ಕಾರಣ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು, ಎಂದರೆ ಮೀಟರ್ ಹೇಳಿದ್ದಕ್ಕಿಂತ ಚಿತ್ರವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಹೊಂದಿಕೆಯನ್ನು, ಪ್ಲಸ್ ಒಂದಕ್ಕೆ ತಿರುಗಿಸಿ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಮ್ ನೋಡುತ್ತೇನೆ. ಅದು ಚಿತ್ರದ ಕಪ್ಪನ್ನು ಎಡಕ್ಕೆ, ಬಿಳುಪನ್ನು ಬಲಕ್ಕೆ ಗುಡ್ಡೆ ಹಾಕಿ ತೋರಿಸುವ ನಕ್ಷೆ. ಗುಡ್ಡೆ ನಡುವಿನಿಂದ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ಡಿಕ್ಕಿ ಹೊಡೆದಿರಬಾರದು. ಮೊಬೈಲ್‌ನಲ್ಲಾದರೆ ಮರದ ಮೇಲೆ ಬೆರಳಿಟ್ಟು, ಬರುವ ಸೂರ್ಯನ ಗುರುತನ್ನು ಬೇಕಾದಷ್ಟು ಮೇಲೆ ಕೆಳಗೆ ಜಾರಿಸಿ.

ಫೋಕಸ್ ಸಿಗದೆ ಲೆನ್ಸ್ ಹಿಂದೆ ಮುಂದೆ ಒದ್ದಾಡುತ್ತದೆ, ಹಿಡಿಯಲು ಗೆರೆಯೇ ಇಲ್ಲವಲ್ಲ. ಕಾಂಡದ ಅಂಚಿಗೆ ಹಿಡಿಯಿರಿ, ಇಲ್ಲವೇ ಕೈಯಿಂದ ತಿರುಗಿಸಿ. ಮುಗಿಯಿತು.

ಏಳು ಗಂಟೆ ದಾಟಿತು. ಬೆಳಕು ತೋಟದ ಆ ಬದಿಯಿಂದ ಬರುತ್ತಿದೆ. ಈಗ ಮಾತು ಕಡಿಮೆ ಮಾಡುತ್ತೇನೆ.

ಮರಗಳ ನಡುವೆ ಕೋಲಿನಂತೆ ಇಳಿದ ಈ ಬಿಸಿಲು ಕಾಣಲು ಸೂರ್ಯನಿಗೆ ಮುಖ ಮಾಡಿ ನಿಲ್ಲಬೇಕು. ಮಂಜಿನ ಹನಿಗಳು ಬೆಳಕಿನ ಬಹುಪಾಲನ್ನು ಅದು ಹೊರಟ ದಿಕ್ಕಿಗೇ ಮುಂದೆ ಚೆಲ್ಲುತ್ತವೆ. ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡವರಿಗೆ ಈ ಕೋಲುಗಳು ಮಾಸಿಹೋಗುತ್ತವೆ. ಸೂರ್ಯನನ್ನು ಒಂದು ಕಾಂಡದ ಹಿಂದೆ ಬಚ್ಚಿಟ್ಟು ಒಂದು ಹೆಜ್ಜೆ ಆಚೆ, ಅರ್ಧ ಹೆಜ್ಜೆ ಈಚೆ ಆಡಿ ನೋಡಿ. ಈಗ ಕಾಂಪೆನ್ಸೇಷನ್ ಸೊನ್ನೆಗೆ ಇಳಿಸಿದ್ದೇನೆ, ಇಲ್ಲದಿದ್ದರೆ ಬಿಸಿಲು ಸುಟ್ಟುಹೋಗುತ್ತದೆ. ಕಾಳುಮೆಣಸಿನ ಬಳ್ಳಿ ಹಬ್ಬಿದ ಕಾಂಡಗಳು ಇದಕ್ಕೆ ಇನ್ನೂ ಚೆನ್ನ. ಅಂಚೆಲ್ಲ ಎಲೆ ಎಲೆಯಾಗಿ ಬೆಳಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಹಟ. ಸೂರ್ಯ ಬರುವ ಮುಂಚಿನ ಮಂಜಿನಲ್ಲಿ ನೀಲಿ ಇರುತ್ತದೆ. ಬಿಳಿ ಬಿಳಿಯಾಗಿಯೇ ಕಾಣಲೆಂದು ಕ್ಯಾಮೆರಾ ತಾನೇ ಬಣ್ಣ ತಿದ್ದುವ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ತೊಳೆದುಬಿಡಬಹುದು. ನಾನು ವೈಟ್ ಬ್ಯಾಲೆನ್ಸನ್ನು ಹಗಲಿನ ಗುರುತಿಗೆ, ಸುಮಾರು 5500 ಕೆಲ್ವಿನ್‌ಗೆ, ಕಟ್ಟಿಹಾಕುತ್ತೇನೆ. ಎಡಿಟಿಂಗ್‌ನಲ್ಲಿ ಮಂಜನ್ನು ಅಳಿಸುವ ಡಿಹೇಜ್ ಎಂಬ ಗುಂಡಿಯೊಂದಿದೆ. ಬೆಳಗಿನ ನಿದ್ದೆ ಬಿಟ್ಟು ಮಂಜು ಹಿಡಿದು ತಂದು ಆ ಗುಂಡಿ ಒತ್ತುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಒಂದು ಎಚ್ಚರಿಕೆ, ನನ್ನ ಖರ್ಚಿನಲ್ಲಿ ಕಲಿತದ್ದು. ಹೋದ ವರ್ಷ ಹೀಗೇ ತಣ್ಣಗಾದ ಕ್ಯಾಮೆರಾ ಹಿಡಿದು ನೇರ ಅಡುಗೆಮನೆಗೆ ಹೋದೆ, ಕಾಫಿಯ ಹಬೆಯ ಚಿತ್ರ ತೆಗೆಯುವ ಆಸೆಯಿಂದ. ಬಿಸಿ ಹಬೆ ತಣ್ಣನೆಯ ಗಾಜಿನ ಮೇಲೆ ಕೂತು ಲೆನ್ಸ್ ಬೆಳ್ಳಗಾಯಿತು. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಈಗ ಒಳಗೆ ಹೋಗುವ ಮೊದಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜಗಲಿಯ ಮೇಲೆ ಬಿಡುತ್ತೇನೆ. ಹನಿಗಳು ಚೀಲದ ಹೊರಗೆ ಕೂರಲಿ. ಎಸಿ ಹಾಕಿದ ಕಾರಿನಿಂದ ಇಳಿಯುವವರಿಗೂ ಇದೇ ಮಾತು.

ಎಂಟೂವರೆ. ನೋಡುತ್ತಿದ್ದ ಹಾಗೆಯೇ ಮಂಜು ಹರಿದು ಹೋಯಿತು. ಹಲಸಿನ ಮರದ ಹಿಂದಿನಿಂದ ಮೊದಲು ವಿದ್ಯುತ್ ತಂತಿ ಹೊರಬಂತು, ಆಮೇಲೆ ಪಂಪ್‌ಶೆಡ್ಡಿನ ತಗಡು, ಹುಲ್ಲಿನ ಮೆದೆಗೆ ಹೊದಿಸಿದ ನೀಲಿ ಟಾರ್ಪಾಲು, ಕೊನೆಗೆ ಗುಡ್ಡದ ಮೇಲಿನ ಮೊಬೈಲ್ ಟವರ್. ಇಷ್ಟೂ ಬೆಳಗಿನಿಂದ ಅಲ್ಲೇ ಇದ್ದವು. ಟ್ರೈಪಾಡ್ ಮಡಚಿದೆ. ಚಿಕ್ಕಮ್ಮ ಬೆಲ್ಲದ ಕಾಫಿ ತಣ್ಣಗಾಯಿತೆಂದು ಎರಡನೇ ಸಲ ಕೂಗುತ್ತಿದ್ದಾರೆ.