ಪಂಪಿನವರು ಬೇರೆ, ಬಾವಿಯವರು ಬೇರೆ

ನಮಸ್ಕಾರ. ನಿಮ್ಮ ಹೊಲಕ್ಕೆ ಬೋರ್‌ವೆಲ್ ಲಾರಿ ಬಂದ ದಿನವನ್ನು ನೆನಪಿಸಿಕೊಳ್ಳಿ. ತಿರುಚೆಂಗೋಡಿನ ಲಾರಿ, ನಮ್ಮೂರಿನ ಏಜೆಂಟ್. ನೀರು ಬಿದ್ದರೂ ಅಡಿ ಲೆಕ್ಕದ ದುಡ್ಡು, ಬರೀ ಧೂಳು ಎದ್ದರೂ ಅದೇ ದುಡ್ಡು. ಬಾವಿ ನಿಮ್ಮದು, ಲಾರಿ ಅವರದು. ನೆಲದಾಳದ ಕಲ್ಲು ಸೀಳಿ ಎಣ್ಣೆ, ಅನಿಲ ತೆಗೆಯುವ ಅಮೆರಿಕದ ಫ್ರ್ಯಾಕಿಂಗ್ ಉದ್ಯಮವೂ ಇಷ್ಟೇ. ಪಂಪಿನವರು ಬೇರೆ, ಬಾವಿಯವರು ಬೇರೆ. ಪತ್ರಿಕೆಗಳು ಇಬ್ಬರನ್ನೂ ‘ತೈಲ ಕಂಪನಿ’ ಎಂದು ಒಂದೇ ಗಂಟಿಗೆ ಕಟ್ಟುತ್ತವೆ. ಓದಿದಾಗಲೆಲ್ಲ ನನಗೆ ರೇಗುತ್ತದೆ.

ನೆಲದ ಆಳದಲ್ಲಿ ಶೇಲ್ ಎಂಬ ಪದರಗಲ್ಲು ಇರುತ್ತದೆ. ಎಣ್ಣೆ, ಅನಿಲ ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಭಾರಿ ಪಂಪುಗಳಿಂದ ನೀರು ನುಗ್ಗಿಸಿದರೆ ಕಲ್ಲು ಸೀಳುತ್ತದೆ. ಸೀಳು ಮತ್ತೆ ಮುಚ್ಚಿಕೊಳ್ಳದಂತೆ ಅದರೊಳಗೆ ಮರಳು ಸೇರಿಸಬೇಕು. 1949ರಲ್ಲಿ ಇದನ್ನು ಮೊದಲು ವ್ಯಾಪಾರಕ್ಕೆ ಇಳಿಸಿದ್ದು ಹ್ಯಾಲಿಬರ್ಟನ್ ಎಂಬ ಪಂಪಿನ ಕಂಪನಿ. ಕೆಲವು ವರ್ಷ ಪರವಾನಗಿ ಅವರೊಬ್ಬರದೇ. ಆಮೇಲೆ ಬೇರೆಯವರಿಗೂ ಬಾಗಿಲು ತೆರೆಯಿತು. ಶ್ಲಂಬರ್ಜರ್, ಬೇಕರ್ ಹ್ಯೂಸ್ ದೊಡ್ಡ ಎದುರಾಳಿಗಳಾಗಿ ಬೆಳೆದವು.

ಆದರೆ ಮರಳು ನೀರಿನಲ್ಲಿ ತಳ ಸೇರುತ್ತದಲ್ಲವೇ? ನೀರನ್ನು ಗಂಜಿಯಂತೆ ಮಂದ ಮಾಡಬೇಕು. ಅದಕ್ಕೆ ಬೇಕಾದದ್ದು ನಮ್ಮ ಗೋರಿಕಾಯಿಯ ಬೀಜ! ಹೌದು, ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುತ್ತೀರಲ್ಲ, ಅದೇ.

2012ರ ಮಾರ್ಚ್‌ನಲ್ಲಿ ಜೋಧಪುರದ ಬಳಿಯ ಒಂದು ಹಳ್ಳಿಗೆ ಹೋಗಿದ್ದೆ. ಗೋರಿಬೀಜ ಕ್ವಿಂಟಲಿಗೆ 20,000 ರೂಪಾಯಿ ದಾಟಿತ್ತು. ನಾನು ಇಳಿದುಕೊಂಡ ಮನೆಯ ಅಜ್ಜ ಮೂಟೆಗಳನ್ನೆಲ್ಲ ಮಲಗುವ ಕೋಣೆಯಲ್ಲಿ ಪೇರಿಸಿ, ಮಂಚವನ್ನು ಬಾಗಿಲಿಗೆ ಅಡ್ಡ ಹಾಕಿ ಮಲಗುತ್ತಿದ್ದರು. “ಅಮೆರಿಕದವರು ಇದನ್ನು ಇಷ್ಟೊಂದು ತಿನ್ನುತ್ತಾರೆಯೇ?” ಎಂದು ಕೇಳಿದರು. ನನ್ನ ಚೀಲದಲ್ಲಿ ಗೋರಿಬೀಜದಿಂದ ತೆಗೆದ ಗೋಂದಿನ ಪುಡಿ ಇತ್ತು. ಒಂದು ಲೋಟ ನೀರಿಗೆ ಚಮಚದ ತುದಿಯಷ್ಟು ಉದುರಿಸಿ ಕಲಕಿದೆ. ನೋಡುನೋಡುತ್ತಿದ್ದಂತೆ ನೀರು ಲೋಳೆಯಾಯಿತು. ಮರಳಿಗೇನು ಬರ, ಅವರ ಅಂಗಳದಿಂದಲೇ ಒಂದು ಚಿಟಿಕೆ ತಂದು ಹಾಕಿದೆ. ಕಾಳುಗಳು ಲೋಟದ ನಡುವೆ ಹಾಗೇ ನಿಂತವು. ಅಜ್ಜ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಾತೇ ಆಡಲಿಲ್ಲ. ಒಳಗೆ ಹೋಗಿ ಬಾಗಿಲಿಗೆ ಇನ್ನೊಂದು ಬೀಗ ಜಡಿದರು. ಅದೇ ತಿಂಗಳು ಗೋರಿಬೀಜದ ವಾಯಿದೆ ವಹಿವಾಟನ್ನೇ, ಅಂದರೆ ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರವನ್ನೇ, ನಿಲ್ಲಿಸಲಾಯಿತು. ಮತ್ತೆ ಆರಂಭವಾದದ್ದು 2013ರ ಮೇ ತಿಂಗಳಲ್ಲಿ.

ಅತ್ತ ಹ್ಯಾಲಿಬರ್ಟನ್‌ಗೂ ಅಜ್ಜನದೇ ಬುದ್ಧಿ. ಮುಂದೆ ಸಿಗಲಿಕ್ಕಿಲ್ಲ ಎಂದು ಹೆದರಿ ದುಬಾರಿ ಬೆಲೆಗೆ ದಾಸ್ತಾನು ಮಾಡಿತು. ಆ ಖರ್ಚನ್ನು ಬಾವಿಯವರ ಮೇಲೆ ಹಾಕಲು ಸಾಧ್ಯವಿತ್ತೇ? ಇಲ್ಲ ಸ್ವಾಮಿ! ಅಮೆರಿಕದಲ್ಲಿ ಅನಿಲದ ಬೆಲೆ ನೆಲಕಚ್ಚಿತ್ತು, ಪಂಪುಗಳು ಹೆಚ್ಚಾಗಿದ್ದವು. ನೀವು ದರ ಏರಿಸಿದರೆ ಪಕ್ಕದವನ ಪಂಪು ಬರುತ್ತದೆ. ಇದಕ್ಕೇ ನಾನು ಬಡಿದುಕೊಳ್ಳುವುದು, ಪಂಪಿನವರು ಬೇರೆ, ಬಾವಿಯವರು ಬೇರೆ ಎಂದು. ಅಷ್ಟರಲ್ಲಿ ಗೋಂದಿನ ಬೆಲೆ ಇಳಿಯಿತು, ದುಬಾರಿ ಸರಕು ಉಗ್ರಾಣದಲ್ಲೇ ಉಳಿದು ಕಂಪನಿಯ ಲಾಭ ತಿಂದಿತು. ಗೋಂದೇ ಬೇಡವೆಂದು ತೆಳು ನೀರನ್ನೇ ರಭಸವಾಗಿ ನುಗ್ಗಿಸುವ ಬಾವಿಗಳೂ ಹೆಚ್ಚಿದವು. ಅಜ್ಜ ಮೂಟೆ ಇಳಿಸಿದ್ದು ಬೆಲೆ ಬಿದ್ದ ಮೇಲೆಯೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೈಪೋಟಿ ತಾಳಲಾರದೆ 2014ರಲ್ಲಿ ಹ್ಯಾಲಿಬರ್ಟನ್ ಎದುರಾಳಿ ಬೇಕರ್ ಹ್ಯೂಸನ್ನೇ ಕೊಳ್ಳಲು ಹೊರಟಿತು. 34 ಶತಕೋಟಿ ಡಾಲರಿಗೂ ಮಿಗಿಲಾದ ವ್ಯವಹಾರ. ಸ್ಪರ್ಧೆ ಸಾಯುತ್ತದೆ ಎಂದು ಅಮೆರಿಕದ ನ್ಯಾಯ ಇಲಾಖೆ ಕೋರ್ಟಿಗೆ ಹೋಯಿತು. 2016ರ ಮೇ ತಿಂಗಳಲ್ಲಿ ಮಾತು ಮುರಿಯಿತು. ಮದುವೆ ನಿಂತದ್ದಕ್ಕೆ ಹ್ಯಾಲಿಬರ್ಟನ್ ತೆತ್ತ ದಂಡ 3.5 ಶತಕೋಟಿ ಡಾಲರ್. 2020ರಲ್ಲಿ ಎಣ್ಣೆ ಬೆಲೆ ಕುಸಿದಾಗ ಶ್ಲಂಬರ್ಜರ್ ಉತ್ತರ ಅಮೆರಿಕದ ತನ್ನ ಪಂಪುಗಳನ್ನೆಲ್ಲ ಲಿಬರ್ಟಿ ಎಂಬ ಕಿರಿಯ ಕಂಪನಿಗೆ ಒಪ್ಪಿಸಿ, ಬದಲಿಗೆ ಅದರಲ್ಲಿ ಶೇಕಡಾ 37ರಷ್ಟು ಪಾಲು ಪಡೆಯಿತು. ಆ ಲಿಬರ್ಟಿಯ ಕಥೆ ಬಲು ಸೊಗಸಾಗಿದೆ, ಆದರೆ ಸ್ಟುಡಿಯೋ ಗಾಜಿನ ಆಚೆಯಿಂದ ಕೈಸನ್ನೆ ಬಂದಾಯಿತು. ನಮಸ್ಕಾರ.