ದಿನ ಬಿಟ್ಟು ದಿನದ ಮಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಮೂವತ್ತು ವರ್ಷ ನಿಂತವನು ನಾನು. ಕಾಗದದಲ್ಲಿ ಹುದ್ದೆಯ ಹೆಸರು ಏನೇ ಇರಲಿ, ಊರವರ ಬಾಯಲ್ಲಿ ಕೊನೆಯವರೆಗೂ ಕಾಂಪೌಂಡರ್. ಆ ಕಿಟಕಿ ಚಿಕ್ಕದು. ಮುಖಕ್ಕಿಂತ ಮೊದಲು ಕೈ ಕಾಣುತ್ತದೆ. ಹಾಗೆ ಒಂದು ದಿನ ಒಳಗೆ ಬಂದ ಕೈಯಲ್ಲಿ ಮಂಡಿನೋವಿನ ಚೀಟಿ ಇತ್ತು, ಅದರ ಜೊತೆಗೇ ಒಂದು ಬಿಪಿ ಮಾತ್ರೆಯ ಪಟ್ಟಿಯೂ ಇತ್ತು. ಪಟ್ಟಿಯ ಮೇಲೆ ಬರೆದಿದ್ದ, ಕೊಂಡ ದಿನದ ತಾರೀಖು ನೋಡಿ, "ಅಜ್ಜಿ, ಇದು ಇಷ್ಟೊತ್ತಿಗೆ ಮುಗಿದಿರಬೇಕಿತ್ತಲ್ಲ" ಅಂದೆ. ಅಜ್ಜಿ ದನಿ ತಗ್ಗಿಸಿ ಹೇಳಿದರು: "ದಿನ ಬಿಟ್ಟು ದಿನ ತಗೊಳ್ತೀನಪ್ಪ. ಒಂದು ತಿಂಗಳದ್ದು ಎರಡು ತಿಂಗಳಿಗೆ ಬರುತ್ತೆ."

ಲೆಕ್ಕ ಸರಿಯಾಗಿಯೇ ಇತ್ತು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಪೇಟೆಯ ಡಾಕ್ಟರು ಬರೆದ ಬಿಪಿ, ಶುಗರ್ ಮಾತ್ರೆಗೆ ಏಳೆಂಟು ನೂರು. ಉಳಿದದ್ದರಲ್ಲಿ ಎಲೆ ಅಡಿಕೆ, ಸೋಪು, ಬಸ್ಸು, ಮೊಮ್ಮಗನ ಕೈಗೆ ಹತ್ತು ರೂಪಾಯಿ.

ಆದರೆ ಮಾತ್ರೆ ಅರ್ಧ ತಗೊಂಡರೆ ಬಿಪಿ ಇಳಿಯುವುದಿಲ್ಲ. ಇಳಿಯದಿದ್ದರೆ ಡಾಕ್ಟರಿಗೆ ಕಾಣುವುದು ಅಂಕಿ ಮಾತ್ರ. ದಿನ ಬಿಟ್ಟ ಸಂಗತಿಯನ್ನು ಅಜ್ಜಿ ಅವರಿಗೆ ಹೇಳುವುದಿಲ್ಲ, ಬೈಯುತ್ತಾರೆ ಅಂತ ಭಯ. ಡಾಕ್ಟರು ಮಾತ್ರೆಯ ಪ್ರಮಾಣ ಏರಿಸುತ್ತಾರೆ, ಮುಂದಿನ ಸಲ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಬಿಲ್ಲು ಬೆಳೆಯುತ್ತದೆ. ಬಿಲ್ಲು ಬೆಳೆದಾಗ ಅಜ್ಜಿ ಎರಡು ದಿನಕ್ಕೊಮ್ಮೆ ನುಂಗುತ್ತಿದ್ದದ್ದನ್ನು ಮೂರು ದಿನಕ್ಕೊಮ್ಮೆ ಮಾಡುತ್ತಾರೆ. ಒಂದು ದಿನ ಕೈಕಾಲು ಬಿದ್ದುಹೋದ ಮೇಲೆ ಮನೆಯವರು ಆಯುಷ್ಮಾನ್ ಕಾರ್ಡು ಹುಡುಕುತ್ತಾರೆ.

ಕಾರ್ಡಿನ ಮಾತು ಬಂತು. ಎಪ್ಪತ್ತು ದಾಟಿದವರಿಗೆಲ್ಲ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ವಯವಂದನಾ ಕಾರ್ಡು ಶುರುಮಾಡಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದವರ ಖರ್ಚಿಗೆ. ಮನೆಗೆ ಕಳಿಸಿದ ಮೇಲೆ ಹದಿನೈದು ದಿನದ ಔಷಧಿಯೂ ಅದರಲ್ಲೇ ಸೇರುತ್ತದೆ. ಹದಿನಾರನೆಯ ದಿನದ ಮಾತ್ರೆ ನಿಮ್ಮ ಸೆರಗಿನ ಗಂಟಿನಿಂದಲೇ ಬರಬೇಕು. ಮಲಗಿದವರಿಗೆ ಲಕ್ಷ ಕೊಡುವ ಸರ್ಕಾರ, ಮಲಗದ ಹಾಗೆ ನೋಡಿಕೊಳ್ಳುವ ಮಾತ್ರೆಗೆ ಕಾರ್ಡು ಮಾಡಿಲ್ಲ ಎಂಬುದು ನನ್ನ ತಕರಾರು.

ಹಾಗಂತ ಮಾತ್ರೆಗೆ ದಾರಿಯೇ ಇಲ್ಲವೆಂದಲ್ಲ. ಮೊದಲ ದಾರಿ, ನಾನು ನಿಂತಿದ್ದ ಅದೇ ಕಿಟಕಿ. ಬಿಪಿ, ಶುಗರ್‌ಗೆ ಸಾಮಾನ್ಯವಾಗಿ ಬಳಸುವ ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ತಾಲ್ಲೂಕು ಆಸ್ಪತ್ರೆಯವರೆಗೆ ಬಸ್ಸು ಹತ್ತಬೇಕಾಗಿಲ್ಲ. ಒಮ್ಮೆ ವೈದ್ಯರು ಬರೆದುಕೊಟ್ಟರೆ, ತಿಂಗಳು ತಿಂಗಳು ಮುಂದುವರಿಸುವ ಮಾತ್ರೆಯನ್ನು ಊರಿನ ಉಪಕೇಂದ್ರದಲ್ಲೇ ಸಮುದಾಯ ಆರೋಗ್ಯ ಅಧಿಕಾರಿ ಕೊಡಬಹುದು. ಬೆಂಗಳೂರಿನಂಥ ಊರಲ್ಲಿ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸರ್ಕಾರಿ ಚಿಕಿತ್ಸಾಲಯ ಇದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರುಮಾಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ಒಯ್ದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದಾಗ "ನಮಗೇನೂ ಇಲ್ಲಮ್ಮ" ಅಂತ ಕಳಿಸಬೇಡಿ.

ಕಿಟಕಿಯ ಒಳಗಿನಿಂದ ಒಂದು ತಪ್ಪೊಪ್ಪಿಗೆಯನ್ನೂ ಹೇಳಿಬಿಡುತ್ತೇನೆ. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಹತ್ತು ಕಿಲೋಮೀಟರು ದೂರದಿಂದ ಬಂದವರಿಗೆ ಆ ಮಾತು ಹೇಳುವಾಗ ತಲೆ ಎತ್ತುತ್ತಿರಲಿಲ್ಲ.

ಅಂಥ ದಿನಕ್ಕೆ ಎರಡನೆಯ ದಾರಿ ಜನೌಷಧಿ ಕೇಂದ್ರ, ಅಂದರೆ ಕಂಪನಿಯ ಬ್ರ್ಯಾಂಡ್ ಹೆಸರಿಲ್ಲದ ಔಷಧಿಯನ್ನು ಅಗ್ಗಕ್ಕೆ ಮಾರುವ, ಕೇಂದ್ರ ಸರ್ಕಾರದ ಯೋಜನೆಯ ಅಂಗಡಿ. 2008ರಲ್ಲಿ ಅಮೃತಸರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲನೆಯದು ತೆರೆಯಿತು; ಈಗ ದೇಶದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚಿವೆ. ಬಡವರ ಕಾರ್ಡು ಬೇಡ, ಆದಾಯ ಪ್ರಮಾಣಪತ್ರ ಬೇಡ, ವೈದ್ಯರ ಚೀಟಿ ಸಾಕು. ಅಲ್ಲಿನ ಬೆಲೆ ಕಟ್ಟುವ ನಿಯಮ ಸರಳ: ಅದೇ ಔಷಧಿಯ ಮುಂಚೂಣಿಯ ಮೂರು ಬ್ರ್ಯಾಂಡುಗಳ ಸರಾಸರಿ ಬೆಲೆಯ ಅರ್ಧ ದಾಟಬಾರದು. ಎಷ್ಟೋ ಮಾತ್ರೆಗಳು ಅದಕ್ಕಿಂತ ಬಹಳ ಕಡಿಮೆಗೇ ಸಿಗುತ್ತವೆ. ಅಗ್ಗದ್ದು ಅಂದರೆ ಕಳಪೆ ಅನ್ನುವವರಿಗೆ ಒಂದು ಮಾತು. ಅಲ್ಲಿಗೆ ಬರುವ ಪ್ರತಿ ಬ್ಯಾಚೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿಯೇ ಬರಬೇಕು. ಉಳಿಯುವ ದುಡ್ಡು ಔಷಧಿಯದ್ದಲ್ಲ, ಹೆಸರಿನದ್ದು.

ಈ ಕೇಂದ್ರಗಳ ಬಗ್ಗೆ ನಮ್ಮಲ್ಲಿ ಒಂದು ಜಟಾಪಟಿ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿಯೇ ಕೊಡಬೇಕು, ಅದರ ಆವರಣದಲ್ಲೇ ಮಾರುವ ಅಂಗಡಿ ಯಾಕೆ ಎಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆವರಣದೊಳಗಿನ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ವಾದದಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಕಿಟಕಿಯಲ್ಲಿ "ಸ್ಟಾಕ್ ಇಲ್ಲ" ಅನ್ನುವ ದಿನ ಇರುವವರೆಗೆ, ಪಕ್ಕದ ಅಗ್ಗದ ಬಾಗಿಲೂ ತೆರೆದಿರಲಿ.

ಇನ್ನು ಆ ಅಜ್ಜಿಯ ಕಥೆ. ನಮ್ಮ ವೈದ್ಯರಿಗೆ ತೋರಿಸಿ, ಅದೇ ಟೆಲ್ಮಿಸಾರ್ಟಾನ್ 40ನ್ನು ನಮ್ಮ ಕಿಟಕಿಯಿಂದಲೇ ಕೊಟ್ಟೆ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಎರಡು ವಾರಕ್ಕೆ ಮಗಳು ಕೈಹಿಡಿದು ಕರೆತಂದಳು: ತಲೆ ಸುತ್ತು, ನಿಂತರೆ ಕಣ್ಣು ಕತ್ತಲೆ. ವಿಚಾರಿಸಿದರೆ, ಬೆಳಿಗ್ಗೆ ನಾನು ಕೊಟ್ಟ ಬಿಳಿ ಪಟ್ಟಿಯದು ಒಂದು, ರಾತ್ರಿ ಪೇಟೆಯ ಕೆಂಪು ಪಟ್ಟಿಯದು ಒಂದು. "ಕಾಸು ಕೊಟ್ಟು ತಂದದ್ದು, ಎಸೆಯೋಕಾಗುತ್ತಾ? ಬೇರೆ ಬೇರೆ ಮಾತ್ರೆ ಅಲ್ವಾ?" ಅಂದರು. ಪಟ್ಟಿಯ ಬಣ್ಣ ಬೇರೆ, ಮೇಲಿನ ಹೆಸರು ಬೇರೆ, ಒಳಗಿದ್ದದ್ದು ಒಂದೇ ಔಷಧಿ. ಅದನ್ನು ಹೇಳಬೇಕಿದ್ದವನು ನಾನು. ಸಾಲು ಉದ್ದವಿತ್ತು, ಹೇಳಲಿಲ್ಲ.

ಅದಾದ ಮೇಲೆ ನಾನೊಂದು ರೂಢಿ ಮಾಡಿಕೊಂಡೆ, ನೀವೂ ಮಾಡಿ ನೋಡಿ. ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು, ಅದರ ಮುಂದೆ 5, 40, 500 ಎಂಬಂಥ ಸಂಖ್ಯೆ ಇರುತ್ತದೆ. ಹೊಸ ಪಟ್ಟಿ ಬಂದಾಗ ಹಳೆಯದರ ಪಕ್ಕ ಇಟ್ಟು ಆ ಸಣ್ಣ ಹೆಸರು, ಸಂಖ್ಯೆ ಎರಡೂ ಹೋಲಿಸಿ. ಎರಡು ಔಷಧಿ ಒಂದೇ ಮಾತ್ರೆಯಲ್ಲಿ ಸೇರಿರುವುದೂ ಉಂಟು, ಅಲ್ಲಿ ಎರಡು ಹೆಸರು ಓದಬೇಕು. ಮೂರ್ಛೆರೋಗ, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮಾತ್ರ ಅಗ್ಗದ ಆಸೆಗೆ ತಾವಾಗಿಯೇ ಬದಲಿಸಬೇಡಿ. ವೈದ್ಯರಿಗೆ ಹೇಳಿಯೇ ಬದಲಿಸಿ.

ಕನ್ನಡಕವಿಲ್ಲದೆ ಆ ಸಣ್ಣ ಅಕ್ಷರ ಕಾಣುವುದಿಲ್ಲ, ಇದ್ದರೂ ಅದು ಇಂಗ್ಲಿಷಿನಲ್ಲಿರುತ್ತದೆ. ಹಬ್ಬಕ್ಕೆ ಊರಿಗೆ ಬರುವ ಮಗನಿಗೋ ಮೊಮ್ಮಗಳಿಗೋ ಹೇಳಿ, ಒಂದು ಹಾಳೆಯಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ, ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಅದೇ ಹಾಳೆಯ ಕೆಳಗೆ ಜನೌಷಧಿಯ ಉಚಿತ ಸಹಾಯವಾಣಿಯ ನಂಬರನ್ನೂ ಬರೆಸಿ. ಪೆನ್ಸಿಲ್ ತಗೊಳ್ಳಿ, ನಿಧಾನಕ್ಕೆ ಹೇಳುತ್ತೇನೆ: 1800... 180... 8080.

ನಮಸ್ಕಾರ.