ಅನ್ನ ಬಿಟ್ಟವರ ಆರು ನೀರುದೋಸೆ

(ವಿಶ್ವ ಮಧುಮೇಹ ದಿನದಂದು ಉಡುಪಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇವತ್ತು ನವೆಂಬರ್ 14. ಶಾಲೆಗಳಲ್ಲಿ ಮಕ್ಕಳ ದಿನ, ನಮಗೆ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನ ಇದು. ಬೆಳಿಗ್ಗೆ ಮಕ್ಕಳಿಗೆ ಚಾಕಲೇಟ್ ಹಂಚಿ ಸಂಜೆ ಸಕ್ಕರೆ ಕಾಯಿಲೆಯ ಭಾಷಣಕ್ಕೆ ಬಂದವರು ಇಲ್ಲಿ ಕೆಲವರು ಇದ್ದೀರಿ. ನಗಬೇಡಿ, ಹಂಚಿದವರಲ್ಲಿ ನಾನೂ ಒಬ್ಬ.

ಕಾರ್ಬೋಹೈಡ್ರೇಟ್ ಅಂದರೆ ಎಂತ ಎಂದು ನಿಮಗೆ ಹೇಳಬೇಕಾಗಿಲ್ಲ, ಪಿಷ್ಟ, ಸಕ್ಕರೆ ಅಂತ ವಾಟ್ಸ್ಯಾಪ್ ಆಗಲೇ ಹೇಳಿದೆ. ನಾನು ಒಬ್ಬ ನಿವೃತ್ತ ಮಾಷ್ಟ್ರ ಕತೆ ಹೇಳುತ್ತೇನೆ. ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಅಂಕೆ, 7.9 ಇತ್ತು. ಅನ್ನ ಸ್ವಲ್ಪ ಕಡಿಮೆ ಮಾಡಿ ಅಂದೆ. ಮೂರು ತಿಂಗಳು ಬಿಟ್ಟು ಬಂದರು, 8.4! ಮಾಷ್ಟ್ರಿಗೆ ಸಿಟ್ಟು. "ಡಾಕ್ಟ್ರೇ, ನಾನು ಅನ್ನ ಮುಟ್ಟದೆ ತೊಂಬತ್ತು ದಿನ ಆಯಿತು. ರಿಪೋರ್ಟೇ ಸರಿ ಇಲ್ಲ."

ಸರಿ, ಬೆಳಿಗ್ಗೆ ಎಂತ ತಿಂತೀರಿ ಮಾಷ್ಟ್ರೇ ಅಂತ ಕೇಳಿದೆ. "ನೀರುದೋಸೆ. ಆರು. ತೆಳು ಅಲ್ವಾ ಅದು, ಆಚೆ ಕಡೆ ಕಾಣ್ತದೆ." ಮಧ್ಯಾಹ್ನ? "ಶ್ಯಾವಿಗೆ, ಸ್ವಲ್ಪ ಕಾಯಿಹಾಲು." ಕಾಯಿಹಾಲಿಗೆ ಬೆಲ್ಲ? "ಬೆಲ್ಲ ಹಾಕದೆ ಕಾಯಿಹಾಲು ಉಂಟಾ?" ರಾತ್ರಿ? "ರಾತ್ರಿ ಏನೂ ಇಲ್ಲ. ಎರಡು ಮೂಡೆ." ಹಿಂದೆ ಕೂತಿದ್ದ ಅವರ ಹೆಂಡತಿ ಮೆಲ್ಲ ಹೇಳಿದರು, "ಭಾನುವಾರದ ಕೋರಿರೊಟ್ಟಿ ಇವರು ಹೇಳ್ಲಿಲ್ಲ." ಮಾಷ್ಟ್ರು ಹಿಂದೆ ತಿರುಗಿ ನೋಡಿದ ನೋಟ ಇತ್ತಲ್ಲ, ಸಾಕ್ಷಾತ್ ಯಕ್ಷಗಾನದ ರಾಕ್ಷಸ, ಬಣ್ಣದ ವೇಷ!

ಯಕ್ಷಗಾನದ ಊರಿನವರು ನೀವು, ನಿಮಗೆ ಬೇಗ ಅರ್ಥ ಆಗ್ತದೆ. ನಮ್ಮಲ್ಲಿ ಅಕ್ಕಿ ವೇಷ ಕಟ್ಟುತ್ತದೆ. ನೀರುದೋಸೆ ಸ್ತ್ರೀವೇಷ. ಕೋರಿ, ಅಂದರೆ ಕೋಳಿ, ಅದರ ಸಾರಿನ ಜೊತೆ ತಿನ್ನುವ ಗರಿಗರಿ ಅಕ್ಕಿರೊಟ್ಟಿ ಕೋರಿರೊಟ್ಟಿ, ಅದು ಸದ್ದು ಮಾಡಿಕೊಂಡೇ ಬರುವ ಬಣ್ಣದ ವೇಷ. ಶ್ಯಾವಿಗೆ, ಗುಂಡ, ಪುಂಡಿ, ಒಡ್ಡೋಲಗವೇ ಉಂಟು. ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿದರೆ ಎಲ್ಲದರ ಒಳಗೆ ಅಕ್ಕಿಯೇ. ಎಲೆಯ ಒಳಗೆ ಬೇಯಿಸುವ ಕಡುಬು ಮೂಡೆಯಲ್ಲಿ ಉದ್ದು ಸ್ವಲ್ಪ ಉಂಟು, ಅದಕ್ಕೆ ಅರ್ಧ ಮಾರ್ಕು ಕೊಡುವ. ಆರು ನೀರುದೋಸೆ ಅಂದರೆ ನನ್ನ ಮನೆಯ ಕಾವಲಿ ಲೆಕ್ಕದಲ್ಲಿ ಸುಮಾರು 90 ಗ್ರಾಂ ಅಕ್ಕಿ, ಅದರಲ್ಲಿ ಕಾರ್ಬೋಹೈಡ್ರೇಟ್ 70 ಗ್ರಾಂ. ಅದೂ ನುಣ್ಣಗೆ ಅರೆದದ್ದು. ಹಲ್ಲಿಗೆ ಕೆಲಸವಿಲ್ಲ, ಹೊಟ್ಟೆಗೂ ಹೆಚ್ಚು ಕೆಲಸವಿಲ್ಲ, ಸಕ್ಕರೆಯಾಗಿ ರಕ್ತಕ್ಕೆ ಓಡುತ್ತದೆ.

"ಹಾಗಾದ್ರೆ ಚಪಾತಿ?" ಅಂದರು ಮಾಷ್ಟ್ರು. ಇದು ನನಗೆ ದಿನಕ್ಕೆ ಹತ್ತು ಸಲ ಬರುವ ಪ್ರಶ್ನೆ. ಸಿರಿಧಾನ್ಯದ ವರ್ಷ ಅಂತ 2023 ಬಂದು ಹೋದ ಮೇಲೆ ಹನ್ನೊಂದನೆಯ ಪ್ರಶ್ನೆಯೂ ಸೇರಿತು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ನಾವು ತಿನ್ನುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದಂತೆ. ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದ ಮಾತ್ರಕ್ಕೆ ಕಾಯಿಲೆಯ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಬೋಹೈಡ್ರೇಟಿನ ಒಟ್ಟು ಪಾಲು ಇಳಿದು ಬೇಳೆ, ಮೊಟ್ಟೆ, ಮೀನು, ಮೊಸರು ಏರಿದಲ್ಲಿ ಕಂಡಿತು. ಅಂದರೆ ನಾವು ವೇಷಧಾರಿಯನ್ನು ಬದಲಿಸಿದ್ದೇವೆ, ಪ್ರಸಂಗ ಅದೇ. ಚೌಕಿಗೆ ಹೋಗಿ ನೋಡಿ ಮಾರಾಯ್ರೇ.

ಹಾಗಂತ ನಾನು ಗಂಜಿಯ ವಿರೋಧಿ ಅಲ್ಲ. ಭತ್ತ ಬೇಯಿಸಿ ಮಾಡುವ ನಮ್ಮ ಕುಚ್ಚಲಕ್ಕಿಯ ಪರವಾಗಿ ನಾನು ವಕೀಲಿಕೆಗೂ ನಿಲ್ಲುತ್ತೇನೆ. ಜಾವಾದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು 1890ರ ದಶಕದಲ್ಲಿ ಕೋಳಿಗಳನ್ನು ನೋಡಿದರು. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲಿನ ಬಲ ಬಿದ್ದುಹೋಗುತ್ತಿತ್ತು, ತೌಡಿರುವ ಅಕ್ಕಿ ಕೊಟ್ಟರೆ ಎದ್ದು ಓಡಾಡುತ್ತಿದ್ದವು. ಮನುಷ್ಯರ ಕೈಕಾಲು ಸೋಲಿಸುವ ಬೆರಿಬೆರಿ ಕಾಯಿಲೆಗೆ ಕಾರಣ ಬಿ1 ವಿಟಮಿನ್ನಿನ ಕೊರತೆ ಎಂಬುದಕ್ಕೆ ದಾರಿ ತೋರಿಸಿದ ಕೋಳಿಗಳು ಅವು. ವೈದ್ಯರಿಗೆ 1929ರಲ್ಲಿ ನೊಬೆಲ್ ಬಂತು, ಕೋಳಿಗೆ ಎಂತ ಬಂತೋ! ಭತ್ತವನ್ನು ಬೇಯಿಸಿ ಒಣಗಿಸುವಾಗ ಆ ಬಿ1 ತೌಡಿನಿಂದ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹೋದರೂ ಅಷ್ಟು ಕಳೆದುಹೋಗುವುದಿಲ್ಲ. ನಮ್ಮ ಅಜ್ಜಿಯಂದಿರು ಅಂಗಳದ ಹಂಡೆಯಲ್ಲಿ ಮಾಡುತ್ತಿದ್ದದ್ದು ಇದನ್ನೇ. ಹೋಟೆಲಿನಲ್ಲಿ "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಅಂತ ಕೇಳುತ್ತಾರಲ್ಲ, ನಾಚಿಕೆ ಬೇಡ, ಕುಚ್ಚಲಕ್ಕಿ ಅನ್ನಿ. ಆದರೆ ಬಟ್ಟಲು ಒಂದೇ. ಅಜ್ಜ ಮೂರು ಬಟ್ಟಲು ಗಂಜಿ ಉಣ್ಣುತ್ತಿದ್ದರು ಅನ್ನುವವರಿಗೆ ನನ್ನ ಉತ್ತರ ಒಂದೇ: ಅಜ್ಜ ಉಂಡು ಗದ್ದೆಗೆ ಹೋಗುತ್ತಿದ್ದರು, ನಾವು ಸೋಫಾಕ್ಕೆ.

ಗಂಜಿಯ ಪಕ್ಕ ಬರೀ ಉಪ್ಪಿನಕಾಯಿ ಸಾಲದು. ಹುರುಳಿ ಸಾರು, ಬಸಳೆ, ತಿಮರೆ ಚಟ್ನಿ, ಮೀನು ತಿನ್ನುವವರಾದರೆ ಎರಡು ಬೂತಾಯಿ ಬೇಕು. ಮೊದಲು ಪಲ್ಯ, ಮೀನು, ಆಮೇಲೆ ಅನ್ನ. ಅಷ್ಟರಿಂದಲೇ ಊಟದ ನಂತರದ ಸಕ್ಕರೆಯ ಏರು ತಗ್ಗುತ್ತದೆ, ಎರಡು ಗಂಟೆಯ ತೂಕಡಿಕೆಯೂ.

ಚೀಟಿ ಬಂತು. ಐದು ನಿಮಿಷ ಅಂತೆ. ನನ್ನ ಕೈಯಲ್ಲಿ ಇನ್ನೂ ನಾಲ್ಕು ಹಾಳೆ ಉಂಟು, ಮಾಷ್ಟ್ರೇ ತಿಂದುಬಿಟ್ಟರು.

ಬೇಗ ಹೇಳುತ್ತೇನೆ. ಸಕ್ಕರೆ: ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ, ಆರು ಚಮಚ. ಎರಡೆರಡು ಚಮಚದ ಐದು ಚಹಾ ಕುಡಿದವರು ಲೆಕ್ಕ ಹಾಕಿಕೊಳ್ಳಿ, ಬನ್ಸ್ ಇನ್ನೂ ಸೇರಿಲ್ಲ. ಬೆಲ್ಲವೂ ಅದೇ ಲೆಕ್ಕ, ಜೇನೂ ಅದೇ. ಹಲಸಿನ ಹಣ್ಣಿನ ವಿಷಯ ಮೇ ತಿಂಗಳಲ್ಲಿ ಕರೆಯಿರಿ, ಹೇಳುತ್ತೇನೆ. ಇನ್ನೊಂದು ಮುಖ್ಯ ಮಾತು: ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಮಾತ್ರೆಯವರು ನಾಳೆಯಿಂದಲೇ ಅನ್ನ ಬಿಡಬೇಡಿ. ಸಕ್ಕರೆ ಕುಸಿದು ಬಿದ್ದೀರಿ. ನಿಮ್ಮ ಡಾಕ್ಟ್ರ ಹತ್ತಿರ ಮಾತಾಡಿ ಡೋಸ್ ಸರಿಮಾಡಿಸಿಕೊಂಡೇ ಬದಲಿಸಿ.

ಮಾಷ್ಟ್ರು ಈಗ ಎರಡು ನೀರುದೋಸೆಗೆ ಒಂದು ಬಟ್ಟಲು ಕಡ್ಲೆ ಗಸಿ ತಿಂತಾರೆ. ಕೋರಿರೊಟ್ಟಿ ಬಿಟ್ಟಿಲ್ಲ. ರೊಟ್ಟಿ ಎರಡು, ಕೋರಿ ಜಾಸ್ತಿ ಅಂತ ಒಪ್ಪಂದ ಆಗಿದೆ. ಕಳೆದ ಸಲ 7.2 ಬಂತು. ರಿಪೋರ್ಟ್ ಸರಿ ಉಂಟು ಅಂದರು.

ಹೊರಗೆ ಮೇಜಿನ ಮೇಲೆ ಗ್ಲೂಕೋಮೀಟರ್ ಇಟ್ಟಿದ್ದಾರೆ. ಊಟ ಆಗಿ ಎರಡು ಗಂಟೆ ಕಳೆದವರು ಮೊದಲು ಅಲ್ಲಿಗೆ ಹೋಗಿ ಬೆರಳು ಕೊಡಿ. ಗೋಳಿಬಜೆ ಬಲಗಡೆ ಉಂಟು, ವಾಸನೆ ಇಲ್ಲಿಗೇ ಬರ್ತಾ ಉಂಟು. ಅಲ್ಲಿಗೆ ಆಮೇಲೆ.